ಹಿತ್ತಾಳಿ ಎಲಿ

ಯಾದಗಿರಿ, ಸಾಲಂ ಚಾವುಸರ ಅಂಗಡಿ.
ಬೀಗ, ಛತ್ರಿ ಕಡ್ಡಿ, ಸೈಕಲ್ ಗಂಟಿ ನಡುವ
ಒಂದು ಬಿಸ್ಕೀಟ್ ಡಬ್ಬಿ.
ಅದರೊಳಗ ಇಪ್ಪತ್ತು ಮೂವತ್ತು ಸುಳ್ಳು ಮೀನು.
ಬಾಗಿದ ತಂತಿಯ ಒಂದು ತುದಿಗೆ ಸೀಸದ ತಲಿ, ಗಾಳ,
ಗಾಳಕ್ಕ ರಬ್ಬರಿನ ಝಾಲರು;
ಇನ್ನೊಂದು ತುದಿಗೆ ಗರಗರ ತಿರುಗೋ ತಗಡಿನ ಎಲಿ.

ನಾನು ಬೆಳ್ಳಿ ಬಣ್ಣದ್ದು ಎತ್ತಿಕೊಂಡೆ.
ಬೇವಿನ ಎಲಿಯಂಗ ಸಪೂರ, ಚೂಪು,
ಮ್ಯಾಲ ಕೆಂಪು ಮಣಿ ಬ್ಯಾರೆ.
ಊದಿದರ ಟ್ಯೂಬ್‌ಲೈಟಿನ ಚೂರು
ಗೋಡಿ ತುಂಬ ಗುಬ್ಬಿಯಂಗ ಹಾರಿದವು.
"ಇದ ಕೊಡ್ರಿ" ಅಂದೆ.

ಚಾವುಸರು ಕನ್ನಡಕ ಹಣಿಗೆ ಏರಿಸಿದರು.
"ಮೀನು ನೀನೇನು?
ನಿನಗ ಹೊಳದ್ರ ನನ್ನ ಗಲ್ಲಾ ತುಂಬ್ತದ,
ನಿನ್ನ ಚೀಲ ತುಂಬಬೇಕಲ್ಲ.
ಹೊಳಿ ನೀರು ಹೆಂಗದ ಇವತ್ತು?"

ನೀರು?
ದಿನಾ ಎರಡು ಸಲ ಭೀಮಾ ದಾಟ್ತೀನಿ ನಾನು,
ಡಿಪೋ ಬಸ್ಸಿನಾಗ, ಕಿಡಕಿ ಬದಿಗೇ ಕೂತು.
ನೆನಪಿಗೆ ಬಂದದ್ದು ಬ್ರಿಜ್ಜಿನ ಕಟಾಂಜನ,
ಅದರ ಮ್ಯಾಲ ಯಾರೋ ಒಣಹಾಕಿದ ಹಸಿರು ಚಾದರ,
ಮುಂದಿನ ಸೀಟಿನವನ ಫೋನಿನೊಳಗ ಸ್ಕೋರು.
ನೀರು ಬರಲಿಲ್ಲ.

"ಶಹಾಬಾದ ಕಡಿ ಮೊನ್ನಿ ಮಳಿ ಆಗ್ಯಾದ," ಅವರೇ ಅಂದರು,
"ಕಾಗಿಣಾ ಮಣ್ಣು ಹೊತ್ತು ತಂದಿರ್ತದ.
ಹಿಂಗ ಇರ್ತದ ನೋಡು,"
ಅಂತ ಕುಡಿಯೋ ಚಹಾದ ಗ್ಲಾಸಿನಾಗ
ನನ್ನ ಬೆಳ್ಳಿ ಎಲಿ ಇಳಿಬಿಟ್ಟರು.
ಹೋತು.
ಸಕ್ಕರಿ ಕರಗಿದಂಗ ಹೋತು.
ಆಮ್ಯಾಲ ಡಬ್ಬಿ ತಳದಿಂದ ಹಿತ್ತಾಳಿದೊಂದು:
ದುಂಡಗ, ಬೋಳ, ಕುಂಕುಮ ಭರಣಿ ಮುಚ್ಚಳದಂಥದ್ದು.
ಅದೂ ಮುಳುಗಿತು, ಆದರ
ಗ್ಲಾಸಿನ ಮಗ್ಗಲಿಗೆ ಒಂದು ಹಳದಿ ಉಳೀತು,
ಜ್ವರದ ರಾತ್ರಿ ಪಡಸಾಲಿ ದೀಪ ಉಳಿದಂಗ.

ನಾನು ಡಿಪೋದಾಗ ಎಲೆಕ್ಟ್ರಿಶಿಯನ್.
ಹದಿನೇಳು ವರ್ಷದಿಂದ, ಮಂಜಿನ ದಿನಕ್ಕಂತ,
ರಾತ್ರಿ ಬಸ್ಸಿಗೆ ಹಳದಿ ದೀಪ ಕೂಡಸ್ತಾ ಬಂದೀನಿ.
ಹೇಳಲಿಲ್ಲ ಅವರಿಗೆ. ನಾಚಿಕಿ ಬಂತು.

"ಕಾಣದಿದ್ರೂ ನಡೀತದ," ಅಂದು ಎರಡೂ ಒರಸಿ
ನನ್ನ ಗಲ್ಲದ ಹತ್ರ ಹಿಡಿದು ಊದಿದರು.
ಸಪೂರಂದು ಬರೇ ಗಾಳಿ.
ದುಂಡಂದು ಧಡ ಧಡ ಧಡ,
ದವಡಿ ಎಲುಬಿಗೇ ಬಡದಂಗ.
"ಕೆಂಪು ನೀರಾಗ ಮರಲು ಮೈಲೇ ಕೇಳ್ತದ.
ಹೊಳಿಯೋದು ಬ್ಯಾರೆ, ಹೊಳಿ ಬ್ಯಾರೆ, ತಮ್ಮಾ."
ಮತ್ತ ಆ ಚಹಾ ಹಂಗೇ ಕುಡಿದುಬಿಟ್ಟರು.

ಐತವಾರ ಗುರುಸಣಗಿ ಬ್ಯಾರೇಜಿನ ಕೆಳಗ
ಆಪು ಬೆಳೆದ ದಂಡ್ಯಾಗ ನಿಂತೆ.
ಎಸೆದೆ, ಸುತ್ತಿದೆ. ಎಸೆದೆ, ಸುತ್ತಿದೆ.
ಮುಂಗೈಯಾಗ ಧಡಧಡ ಬರತಿತ್ತು,
ಎಲ್ಲೋ ದೂರ ಡೀಜಲ್ ಇಂಜಿನ್ ನಿಂತಲ್ಲೇ ನಡದಂಗ.
ಒಂಬತ್ತನೇ ಸಲವೋ ಹತ್ತನೇದೋ
ಇಂಜಿನ್ ಬಂದ್ ಬಿತ್ತು.
ಕಲ್ಲಿಗೆ ಸಿಕ್ಕಿತು ಅಂದುಕೊಂಡೆ.
ಕಲ್ಲು ನಡೀಲಿಕ್ಕೆ ಹತ್ತಿತು.

ಆಮ್ಯಾಲಿಂದು ಹೇಳಿದರ ನನ್ನ ಹೆಂಡತಿ ನಗ್ತಾಳ.
ದಾರ ಬಿಚ್ಚಿತು.
ನನ್ನ ಗಂಟು ಸಡಿಲಿತ್ತು, ತಗಡಿನ ತಪ್ಪಲ್ಲ.

ಈಗ ಭೀಮಾದಾಗ ಎಲ್ಲೋ ಒಂದು ಮರಲು
ತುಟಿಗೆ ಹಿತ್ತಾಳಿ ಬುಲಾಕು ಹಾಕ್ಕೊಂಡು
ಧಡಧಡ ತಿರುಗಾಡ್ತಿರಬೇಕು.
ಸಣ್ಣ ಮೀನೆಲ್ಲ ಮೊದಲೇ ತಿಳಿದು
ದಾರಿ ಬಿಡ್ತಿರಬೇಕು,
ಹಾರ್ನ್ ಹೊಡಿಯೋ ಬಸ್ಸಿಗೆ ಬಿಟ್ಟಂಗ.
ಉಪಾಸ ಬಿತ್ತೇನೋ, ಪಾಪ.

ಸೋಮವಾರ ಮತ್ತ ಅಂಗಡಿ ಮೆಟ್ಟಲ ಹತ್ತಿದೆ.
ಮೀನು ಸಿಕ್ಕಿತೇನು ಅಂತ ಚಾವುಸರು ಕೇಳಲಿಲ್ಲ.
ಡಬ್ಬಿ ಮುಂದ ಸರಿಸಿ
ಎದುರಿನ ಹೋಟೆಲಿಗೆ ಎರಡು ಬೆರಳು ತೋರಿಸಿದರು.
"ಎರಡನೇ ಕಂಬದ ತನಕ ಮಣ್ಣು," ಅಂದೆ,
"ಅದರಾಚಿ ಜರಾ ತಿಳಿ."
"ಎಷ್ಟು ತಿಳಿ?"
ಚಹಾ ಬಂತು.
ಇಬ್ಬರೂ ಗ್ಲಾಸಿನೊಳಗ ಬಗ್ಗಿ ನೋಡಿದೆವು.