ಎರಡಿಂಚು ಲೂಸು

ಯುಗಾದಿಗೆ ಇನ್ನು ಮೂರು ದಿನ ಇತ್ತು, ಜೆಸಿಬಿ ಬಂತು.
ಕಠಾರಿಪಾಳ್ಯದ ನಮ್ಮ ಅಡ್ಡಬೀದಿಯನ್ನು
ಹಳೇ ಕೋಟಿನ ಹೊಲಿಗೆ ಬಿಚ್ಚಿದ ಹಾಗೆ
ಪರಪರ ಅಂತ ಸೀಳಿಕೊಂಡು ಹೋಯಿತು.

ಒಳಗೇನಿದೆ ಅಂತ ಎಲ್ಲರೂ ಬಗ್ಗಿ ನೋಡಿದೆವು.
ಡಾಂಬರು, ಅದರ ಕೆಳಗೆ ಇನ್ನೊಂದು ಡಾಂಬರು,
ಕೆಮ್ಮಣ್ಣು, ಒಡೆದ ಬೀಸೋಕಲ್ಲು,
ನಗರಸಭೆಯವರಿಗೇ ಗೊತ್ತಿಲ್ಲದ ಒಂದು ಕುಡಿಯೋ ನೀರಿನ ಪೈಪು.
ಅದು ಅಲ್ಲಿದೆ ಅಂತ ತಿಳಿದದ್ದು ಒಡೆದ ಮೇಲೆ.

ನಾನು ಟೇಪು ಇಳಿಬಿಟ್ಟೆ. ಕಸುಬಿನ ಚಟ.
ಟೇಪು ಸಾಲಲಿಲ್ಲ, ಎರಡು ಸಲ ಹಿಡಿದೆ:
ಆಳ ಎಪ್ಪತ್ತೆಂಟು, ಅಗಲ ಮೂವತ್ತೊಂಬತ್ತು,
ಹೊಸ್ತಿಲಿಂದ ಅಂಚಿಗೆ ಬರೀ ಒಂಬತ್ತು.
"ಹದಿನೈದು ದಿನ ಕಣಮ್ಮ" ಅಂದ ಮೇಸ್ತ್ರಿ ಚೌಡಪ್ಪ.
ಯಾವ ತಿಂಗಳ ಹದಿನೈದು ಅಂತ ನಾವೂ ಕೇಳಲಿಲ್ಲ.

ಅತ್ತೆ ಪಿಳ್ಳಮ್ಮ ಹಿತ್ತಿಲ ಬಾಗಿಲನ್ನು ಕೀಲಿನಿಂದ ಕೀಳಿಸಿ
ಹಳ್ಳಕ್ಕೆ ಅಡ್ಡ ಹಾಸಿದರು. ಬೇವಿನ ಹಲಗೆ.
ಅದರ ಮೇಲೆ ಹಾಲು ಬಂತು, ಸಿಲಿಂಡರು ಬಂತು,
ಅತ್ತೆಯ ಮಂಡಿನೋವು ಹೋಗಿ ಬಂತು,
ಸಣ್ಣವನ ಒಂದು ಚಪ್ಪಲಿ ಬಂತು. ಇನ್ನೊಂದು ಕೆಳಗೆ.

ಮದುವೆ ಸೀಸನ್ನು. ಗಿರಾಕಿಗಳು ಆ ದಡ, ನಾನು ಈ ದಡ.
ಬಾಗಿಲು ದಾಟೋಕೆ ಹೆದರಿದವರು ಅಳತೆ ಕೂಗಬೇಕು.
ಹೇಗೆ ಕೂಗೋದು? ಹಳ್ಳದೊಳಗೆ ಹತ್ತು ಜನ ಗಂಡಸರು.
ಗುಲ್ಜಾರ್‌ಬಿ ಚೀಟಿಯಲ್ಲಿ ಎದೆ, ಸೊಂಟ, ತೋಳು ಬರೆದು
ಕಲ್ಲಿಗೆ ಸುತ್ತಿ ಎಸೆದಳು.
ನೇರ ಹಳ್ಳಕ್ಕೆ ಬಿತ್ತು.
ಯಾದಗಿರಿ ಕಡೆಯ ಸಾಬಣ್ಣ ಎತ್ತಿಕೊಂಡ, ಬಿಚ್ಚಲಿಲ್ಲ.
ಕಲ್ಲಿನ ಸಮೇತ ನನ್ನ ಕೈಗಿಟ್ಟು
"ನನಗ ಓದಾಕ ಬರಂಗಿಲ್ರಿ ಅಕ್ಕಾ" ಅಂದ.
ಮಾರನೇ ದಿನ ಊಟದ ಹೊತ್ತಲ್ಲಿ ಅವನೇ
ಮಿಕ್ಕವರಿಗೆ ಗಟ್ಟಿಯಾಗಿ ಪೇಪರು ಓದಿ ಹೇಳುತ್ತಿದ್ದ.
ಅವನ ಅಂಗಿಯ ಕಂಕುಳು ಹರಿದಿತ್ತು. ಹೊಲಿದುಕೊಟ್ಟೆ.
ದುಡ್ಡು ಚಾಚಿದ, ನನಗೆ ಎಣಿಸೋಕೆ ಬರಲ್ಲ ಅಂದೆ.

ಆಷಾಢ. ಹಳ್ಳದಲ್ಲಿ ನಿಂತದ್ದು ನೀರೋ, ಇನ್ನೊಂದೋ.
ಅನ್ನಕ್ಕೆ ಕೂತರೆ ಮೊದಲು ಮೂಗು ತುಂಬುತ್ತಿತ್ತು.
ಬೀದಿಯ ಮೂರು ಮಕ್ಕಳು ಜಿಲ್ಲಾಸ್ಪತ್ರೆಯಲ್ಲಿ, ಭೇದಿ.
ಬಿಲ್ಲು ಪಾಸಾಗಿಲ್ಲ ಅಂತ ಜೆಸಿಬಿ ಎರಡು ತಿಂಗಳು ಮುಖ ತೋರಿಸಲಿಲ್ಲ.
ಸಾಬಣ್ಣನವರು ಒಂದು ರಾತ್ರಿ ಹೇಳದೆ ಹೋದರು,
ಒಂದು ಸಲಿಕೆ ಬಿಟ್ಟು.

ದಸರಾಕ್ಕೆ ಬೇರೆ ಯಾರೋ ಬಂದು ಮುಚ್ಚಿದರು.
ರಸ್ತೆ ಹದಿನಾಲ್ಕು ಇಂಚು ಮೇಲೆ ಬಂತು,
ನಮ್ಮನೆ ಅಷ್ಟೇ ಕೆಳಗೆ ಹೋಯಿತು.
ಮೂರು ಮೆಟ್ಟಿಲಲ್ಲಿ ಉಳಿದದ್ದು ಒಂದು.

ಸುಳ್ಳು ಯಾಕೆ ಹೇಳಲಿ, ಒಳ್ಳೇದೂ ಆಗಿದೆ.
ಹಿತ್ತಿಲ ಗುಂಡಿ ಮುಚ್ಚಿ ನುಗ್ಗೆಗಿಡ ನೆಟ್ಟೆವು.
ಸೊಳ್ಳೆ ಅರ್ಧಕ್ಕರ್ಧ. ಮೋರಿ ಇದ್ದಲ್ಲಿ ಹುಡುಗರ ಗೋಲಿ.
ಬಾಗಿಲು ಮಾತ್ರ ತಿರುಗಿ ಕೀಲಿಗೆ ಕೂರಲಿಲ್ಲ.
ನಡು ಬಾಗಿದೆ. ಗೋಡೆಗೆ ಒರಗಿದೆ.
ಮ್ಯಾನ್‌ಹೋಲು ಸರಿಯಾಗಿ ನಮ್ಮ ಹೊಸ್ತಿಲ ಮುಂದೆ.
ಅತ್ತೆ ಮೊದಮೊದಲು ಮೂಗು ಮುರಿದರು,
ಈಗ ಅದರ ಸುತ್ತಲೇ ರಂಗೋಲಿ,
ನಡುಚುಕ್ಕಿ ಹುಡುಕೋ ಕೆಲಸ ತಪ್ಪಿತು ಅನ್ನುತ್ತಾರೆ.

ವಾರ್ಡಿನ ಸಭೆಯಲ್ಲಿ ಎಂಜಿನಿಯರು ಹೇಳಿದ್ದರು:
ಇನ್ನು ಮೇಲೆ ಯಾರೂ ಒಳಗೆ ಇಳಿಯಬೇಕಿಲ್ಲ, ಎಲ್ಲಾ ಮಿಷಿನ್ನು.
ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳು.

ನಿನ್ನೆ ಬೆಳಗಿನ ಜಾವ, ಬೀದಿದೀಪ ಇನ್ನೂ ಆರಿಲ್ಲ,
ಕಬ್ಬಿಣ ಎಳೆದ ಸದ್ದು.
ಕದಿರಪ್ಪ. ಸೊಂಟಕ್ಕೆ ಹಗ್ಗ,
ಹಗ್ಗದ ಇನ್ನೊಂದು ತುದಿ ಅವನ ತಮ್ಮನ ಕೈಲಿ.
ಮಿಷಿನ್ನೆಲ್ಲಿ ಅಂದೆ. ರಿಪೇರಿ ಅಂದ.
ಅಂಗಿ ಬಿಚ್ಚಿ, ಮಡಿಸಿ,
ಮೊನ್ನೆಯ ರಂಗೋಲಿ ಕೆಡದ ಹಾಗೆ ಪಕ್ಕಕ್ಕಿಟ್ಟ.
ಇಳೀಬೇಡ ಅಂದೆ.
ದನಿ ಅಷ್ಟೇನೂ ಜೋರಿರಲಿಲ್ಲ.
ನಮ್ಮ ಬಚ್ಚಲು ಕಟ್ಟಿಕೊಂಡು ಎರಡು ದಿನ ಆಗಿತ್ತು.

ಕಣ್ಣು ತನ್ನ ಪಾಡಿಗೆ ಅಳೆಯಿತು, ಟೇಪು ಬೇಕಾಗಲಿಲ್ಲ.
ಬಾಯಿ ಇಪ್ಪತ್ತೆರಡು.
ಕದಿರಪ್ಪನ ಭುಜ ಹದಿನೆಂಟು.
ಆ ಕಡೆ ಎರಡು, ಈ ಕಡೆ ಎರಡು.
ಬ್ಲೌಸಿಗೆ ನಾನು ಲೂಸು ಬಿಡೋದೂ ಅಷ್ಟೇ,
ಉಸಿರಾಡೋಕೆ.