ತೂಕ ನಿಲ್ಲೋ ತನಕ

ಕಲ್ಲು ಕೊಯ್ಯೋ ಊರು, ಶಹಾಬಾದ.
ಇಲ್ಲಿ ಕಟ್ಟಿಗಿ ಕೇಳಿದರ
ಒಲಿಗಾ, ಚಟ್ಟಕ್ಕಾ ಅಂತಾರ.
ಬಿಲ್ಲಿಗೆ, ಅಂದೆ.
ಅಡ್ಡಾದ ಮೌಲಾಲಿ ಬೀಡಿ ಆರಿಸಿ
ಒಮ್ಮಿ ನನ್ನ, ಒಮ್ಮಿ ಮಗಳ ತೋಳು ನೋಡಿದ.
"ಯಾರು ಎಳೆಯೋರು?"
"ಇಕಿ."
"ಹಾಂಗಾದರ ಒಳಗ ಬರ್ರಿ."

ಹದಿನೇಳು ವರ್ಷ ಫರ್ಸಿ ಪಾಲಿಶ್ ಹಿಡಿದ ಕೈ ನಂದು.
ತಟ್ಟಿದರ ಸೀಳು ಎಲ್ಲದ ಅಂತ ಕಲ್ಲು ತಾನೇ ಹೇಳ್ತದ.
ಕಟ್ಟಿಗಿ ತಟ್ಟಿದೆ. ಏನೂ ಅನ್ನಲಿಲ್ಲ.
ಮೌಲಾಲಿ ನಕ್ಕ:
"ಇದಕ್ಕ ಕಿವಿ ಅಲ್ಲ, ಉಗುರು ಬೇಕು.
ಎಳಿಗುಂಟ ಉಗುರು ಎಳಿ.
ನಡುದಾರ್‍ಯಾಗ ಅಂಚಿಗೆ ಹಾರಿತೋ, ಬಿಟ್ಟುಬಿಡು.
ತುದಿತನಕ ಬಂತೋ, ನಿಂದು."

ತೇಗ, ನೋಡ್ಲಿಕ್ಕ ಚಂದ, ಬಾಗಂದರ ಮುನಿಸು.
ಜಾಲಿಗೆ ಮೈತುಂಬ ಗಂಟು.
ಚಿಂಚೋಳಿ ಕಡಿಂದ ಬಂದ ತಡಸಲ ಒಂದಿತ್ತು,
ಯಾರದೋ ಬಂಡಿಗೆ ಮೂಕಿ ಆಗಿದ್ದದ್ದು,
ಎತ್ತಿನ ಬೆವರು ಇನ್ನೂ ಕಪ್ಪಗ.
ಅದನ್ನ ಎತ್ತಿಟ್ಟೆವು.

ಆದರ ಮೂಲ್ಯಾಗಿನ ಗಾಣದ ತೊಲಿ!
ಈಗಷ್ಟೇ ಬಾಚಿದ ತಲಿಹಾಂಗ ನೆಟ್ಟಗಿನ ಎಳಿ.
ಮೌಲಾಲಿ ಬ್ಯಾಡಂದ. ನಾ ಕೇಳಲಿಲ್ಲ.
ಕೊಯ್ಸಿದೆ, ಉಜ್ಜಿದೆ, ಅಂಟು ಹಚ್ಚಿ ಬಿಗಿದೆ.
ಮೂರನೇ ದಿನ ಬಿಚ್ಚಿದರ
ಅಂಟು ಹಪ್ಪಳದಾಂಗ ಎದ್ದು ಬಂತು.
ನಲವತ್ತು ವರ್ಷ ಕುಸುಬಿ ಎಣ್ಣಿ ಕುಡಿದದ್ದು
ಇನ್ನ ಯಾರಿಗೂ ಅಂಟಂಗಿಲ್ಲ.
ಈಗ ಅಡಿಗಿಮನ್ಯಾಗ ಗೂಟ ಆಗ್ಯದ,
ಸೌಟು ತೂಗ್ತದ.

"ಒಂದೇ ಕಟ್ಟಿಗಿಲೆ ಯಾಕ ಆಗಲ್ಲ, ಅಪ್ಪಾ?"
ಜಗದೇವಿ ಕೇಳಿದಳು.
ಬಿಲ್ಲಿನ ಬೆನ್ನು ಜಗ್ಗಿಸಿಕೊಳ್ತದ,
ಹೊಟ್ಟಿ ಅಮುಕಿಸಿಕೊಳ್ತದ;
ಬೆನ್ನಿಗೆ ಬಿದಿರು, ಹೊಟ್ಟಿಗೆ ತಡಸಲ,
ನಡುವಿನದು ಬರೇ ಜಾಗ ಹಿಡೀಲಿಕ್ಕ
ಅನ್ನೂದರಾಗ ಒಳಗಿಂದ ಆಕಿ ಅವ್ವ:
"ಈಗ ಇದನ್ನ ಸಂಸಾರಕ್ಕ ಹೋಲಿಸಬ್ಯಾಡ್ರಿ.
ಕಟ್ಟಿಗಿ ಮಾತು ಕಟ್ಟಿಗ್ಯಾಗ ಇರಲಿ."
ಇರಲಿ.

ಬಿದಿರು ಹಸಿ. ಬಿಸಲಿಗಿಟ್ಟರ ಸೀಳ್ತದ.
ಮಂಚದ ಕೆಳಗ, ನೆರಳಿನಾಗ, ನಲವತ್ತು ದಿನ.
ದಿನಾ ಸಂಜಿ ಶಿವಶರಣಪ್ಪನ ಕಿರಾಣಿ ತಕ್ಕಡಿಗೆ.
ನಮ್ಮ ಉದ್ರಿ ಖಾತೇದಾಗ, ಸಕ್ಕರಿ ಕೆಳಗ,
ಬಿದಿರಿನ ತೂಕ ಬರದಾನ:
ಮುನ್ನೂರಾ ಹನ್ನೆರಡು. ಮುನ್ನೂರಾ ನಾಕು.
ಇನ್ನೂರಾ ತೊಂಬತ್ತೆಂಟು.
ನಡುವ ಒಂದಿನ ಮಳಿ ಹನಿದು ಎರಡು ಗ್ರಾಂ ಏರಿತ್ತು,
ಅದಕ್ಕ ನಾ ಇಬ್ಬರಿಗೂ ಸಿಟ್ಟಾದೆ.
ಮೂರು ಸಂಜಿ ಒಂದೇ ಅಂಕಿ ಬಂದಾಗ
ಪೆನ್ನಿನ ಟೋಪಿ ಮುಚ್ಚಿ ಅಂದ,
"ಆತು. ಇದರ ಕಡಿ ಕೊಡ್ಲಿಕ್ಕ ಇನ್ನೇನೂ ಇಲ್ಲ."
ಸಕ್ಕರಿದು ಮಾತ್ರ ಬಾಕಿ.

ನಾನೇ ಪಾಲಿಶ್ ಮಾಡಿದ ಫರ್ಸಿಗೆ
ಮರಳುಕಾಗದ ಅಂಟಿಸಿ ಪಟ್ಟಿ ಉಜ್ಜಿದೆವು.
ಎರಡು ಕೂಡಿಸಿ ಕಿಟಕಿಗೆ ಹಿಡಿ,
ನಡುವ ಬೆಳಕು ನುಸುಳಿದರ ಮತ್ತ ಉಜ್ಜು.
ಬೆರಳು ತಾಕಿಸಬ್ಯಾಡ, ಊಟ ಮಾಡಿದ ಕೈ ಅದು.
ಗಾಣ ನೆನಪದ ನನಗ.

ಅಂಟು ಹಚ್ಚಿ, ಸೈಕಲ್ ಟ್ಯೂಬ್ ಸುತ್ತಿ,
ಪತ್ರಾಸಿನ ಮ್ಯಾಲ ಇಟ್ಟೆ.
ಇಷ್ಟು ದಿನ ಹೊರಗ ನಿಲ್ಲಿಸಿದ ಬಿಸಲಿಗೆ
ಈಗ ಬಾ ಅಂದೆ.
ಬಂತು. ಮೇ ತಿಂಗಳ ನಮ್ಮೂರ ಬಿಸಲು
ಕರೀದಿದ್ದರೂ ಬರ್ತದ.

ಇವತ್ತು ಬಿಚ್ಚಿದೆ.
ಇನ್ನೂ ಬಿಲ್ಲಲ್ಲ.
ನಾಕಡಿ ಎಂಟಿಂಚಿನ ಸುಮ್ಮನಿರೋ ಕಟ್ಟಿಗಿ.
ನಾ ರೂಢಿಗೆ ತಟ್ಟಿ ನೋಡಿದೆ.
ಜಗದೇವಿ ತಟ್ಟಲಿಲ್ಲ,
ಹೊಟ್ಟಿ ಕಡಿ ಹೊಳ್ಳಿಸಿ ಉಗುರಿಟ್ಟಳು,
ನಿಧಾನ ಎಳೀತಾ ಹೋದಳು,
ಆ ತುದಿಗೆ ಬಗ್ಗಿ
ಮೂಗು ಹಚ್ಚಿ ಅಂದಳು:
"ಇಲ್ಲಿ ಎತ್ತಿನ ವಾಸನಿ ಅದ."