ಸಂಜೆಯ ಹಾಲು

ಕಿರುಹುರದ ಕೆಮ್ಮಣ್ಣಿನ ದಾರಿಯಲ್ಲಿ ಮೂರು ಜೀಪು.
ಧೂಳು ಇಳಿಯುವ ಮೊದಲೇ ಬಾಗಿಲು ತೆರೆದು
ಹೊಸ ಗಮ್‌ಬೂಟಿನ ಆರು ಜೊತೆ ಕಾಲು ಇಳಿದವು.
ನಾನು ದುಭಾಷಿ. ದಿನಗೂಲಿ, ಮಧ್ಯಾಹ್ನದ ಊಟ ಬೇರೆ.

ಇಲಾಖೆಯ ಮುಗರುರ ಹಾದಿಯುದ್ದಕ್ಕೂ ಹೇಳಿಕೊಟ್ಟಿದ್ದ:
ಬಡತನ ಎನ್ನಬೇಡ, ಅವಕಾಶ ಎನ್ನು.
ಕೊರತೆ ಎನ್ನಬೇಡ, ತೆರೆದ ಮಾರುಕಟ್ಟೆ ಎನ್ನು.
ಮುದುಕಿ ಉದ್ದಕ್ಕೆ ಎಳೆದರೆ
ನೀನು ಗಿಡ್ಡ ಮಾಡು.

ಮುಳ್ಳುಬೇಲಿಯ ಬಳಿ ಕೆಮಿರೆಂಬೆ, ಕೈಯಲ್ಲಿ ಕೋಲು,
ಹಿಂದೆ ಮುಗಿಲಿಗೆ ಆನಿಕೆ ಕೊಟ್ಟಂಥ ಕೊಂಬುಗಳು.

ಎಷ್ಟು ಹಸು? ಉದ್ದನೆಯ ವೆಸೆಲಿಂಕ್ ಕೇಳಿದ.
ಅವಳು ಎಣಿಸಲಿಲ್ಲ. ಎಣಿಸಿದ ಹಿಂಡು ಕರಗುತ್ತದಂತೆ.
ಬಣ್ಣ ಹಿಡಿದು ಒಬ್ಬೊಬ್ಬಳನ್ನೇ ಕರೆಯತೊಡಗಿದಳು:
ಕಾಫಿಹಣ್ಣಿನ ಕೆಂಪಿನವಳು, ಅವಳ ತಂಗಿ,
ಹೊಗೆಬಣ್ಣದವಳು, ಹಣೆಯಲ್ಲಿ ಕೊಕ್ಕರೆ ಕೂತವಳು,
ನನ್ನ ಮದುವೆಗೆ ಬಂದವಳ ಮರಿಮಗಳು…
ಬೆರಳು ಮಡಚುತ್ತ ಕೇಳಿ ನಾನು
ಮೂವತ್ತೊಂದು ಎಂದೆ.
ಬರೆದುಕೊಂಡ.

ಒಂದಕ್ಕೆ ಎಷ್ಟು ಲೀಟರು?
"ಕರು ಕುಡಿದು ಮುಖ ತಿರುಗಿಸಿದ ಮೇಲೆ ಉಳಿದಷ್ಟು."
ಎರಡು, ಎಂದೆ.
ಅವನ ನಾಡಿನಲ್ಲಿ ಮೂವತ್ತಂತೆ. ಫೋಟೊ ತೋರಿಸಿದ:
ಕೊಂಬಿಲ್ಲ, ಮೈತುಂಬ ಕಪ್ಪುಬಿಳುಪು, ನೆಲ ಮುಟ್ಟುವ ಕೆಚ್ಚಲು,
ಕಿವಿಯಲ್ಲಿ ಹಳದಿ ಬಿಲ್ಲೆ.
ಅವಳು ಕಣ್ಣು ಕಿರಿದುಮಾಡಿ ನೋಡಿದಳು.
"ಪಾಪ, ಇದಕ್ಕೆ ನಡೆಯಲು ಬರುತ್ತದೆಯೆ?"
ತುಂಬ ಹಿಡಿಸಿತಂತೆ, ಎಂದೆ.

ಆಮೇಲೆ ನಕ್ಷೆ ಬಿಚ್ಚಿದರು. ಕೊಟ್ಟಿಗೆ, ಯಂತ್ರ, ಪಾಲು,
ಏಳನೆಯ ವರ್ಷದಿಂದ ಲಾಭ.
ಕರುವೊಂದು ಬಂದು ಏಳನೆಯ ವರ್ಷವನ್ನು ನೆಕ್ಕಿತು.

ಆಗ ಅವಳು ವೆಸೆಲಿಂಕನ ಮಣಿಕಟ್ಟು ಹಿಡಿದು
ಗುಡಿಸಲೊಳಕ್ಕೆ ಎಳೆದುಕೊಂಡು ಹೋದಳು, ಮೊಮ್ಮಗನನ್ನು ಎಳೆದಂತೆ.
ಹುಲ್ಲಿನ ಹೊಗೆಯಾಡಿಸಿದ ಮರದ ಗಿಂಡಿ.
ಮುಚ್ಚಳ ತೆಗೆದು ಅವನ ಬೆರಳನ್ನೇ ಅದ್ದಿ
ಅವನ ಮೂಗಿಗೆ ಹಿಡಿದಳು.

"ನಿನ್ನೆ ಸಂಜೆಯದು.
ಬೆಳಗಿನ ಹಾಲಿಗೆ ಲಾರಿ ಬರುತ್ತದೆ,
ಸಂಜೆಯದಕ್ಕೆ ಯಾರೂ ಬರುವುದಿಲ್ಲ.
ಮಕ್ಕಳು ಕುಡಿದು, ಬೆಣ್ಣೆ ಕಡೆದು, ನೆರೆಗೆ ಕೊಟ್ಟು
ಮಿಕ್ಕಿದ್ದು ಮಣ್ಣಿಗೆ. ಹೇಳಲು ನಾಚಿಕೆ.
ಹಸು ನನ್ನ ಬಳಿ ಇವೆ, ಹಸು ತರಬೇಡಿ.
ನಿಮ್ಮಲ್ಲಿ ಚಳಿ ಬಹಳವಂತಲ್ಲ,
ಒಂದು ರಾತ್ರಿಗೆ ಸಾಲುವಷ್ಟು ಚಳಿ ತನ್ನಿ."

ಒಂದಕ್ಷರವೂ ಗಿಡ್ಡ ಮಾಡಲಿಲ್ಲ ಈ ಸಲ.
ಬಾಗಿಲಲ್ಲಿ ಮುಗರುರ ಎರಡು ಬಾರಿ ಕೆಮ್ಮಿದ.

ಎಷ್ಟು ಲೀಟರು, ಮಣ್ಣಿಗೆ? ವೆಸೆಲಿಂಕ್ ಕೇಳಿದ.
"ಹದಿನೆಂಟು," ಎಂದಳು ತಟ್ಟನೆ. "ನಿನ್ನೆ ಹದಿನೆಂಟು,
ಮೊನ್ನೆ ಹದಿನಾರೂವರೆ."
ನಾನು ಅವಳ ಮುಖ ನೋಡಿದೆ.
"ಚೆಲ್ಲಿದ್ದನ್ನು ಎಣಿಸಿದರೆ ದೋಷವಿಲ್ಲ," ಎಂದಳು.

ಹೊರಟಾಗ ಹಾಲು ಕರೆಯುವ ಹೊತ್ತು.
ಮೊಮ್ಮಗ ಹೆಸರು ಹಿಡಿದು ಕರೆದ, ಕೆಂಪಿನವಳು ಬಂದಳು.
ಮುಂದಿನ ಸೀಟಿನಲ್ಲಿ ವೆಸೆಲಿಂಕ್ ಪುಸ್ತಕ ತೆರೆದು
ಹದಿನೆಂಟರ ಅಡಿಗೆ ಗೆರೆ ಎಳೆದನೋ
ಅದರ ಮೇಲೆಯೇ ಎಳೆದನೋ
ಕಾಣಲಿಲ್ಲ. ದಾರಿ ಕುಲುಕುತ್ತಿತ್ತು.